ನೋಡುವವರೆಲ್ಲ ಕೂಗುವವರಲ್ಲ: ಅಂತರ್ಜಾಲ ಹರಾಜಿನಲ್ಲಿ ಆಸಕ್ತಿಗೂ ಸವಾಲಿಗೂ ಇರುವ ಅಂತರ

ಗಾಂಧಿ ಬಜಾರಿನ ಹೂವಿನ ಅಂಗಡಿಯಲ್ಲಾಗಲಿ, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯ ಪಾತ್ರೆ ಮಳಿಗೆಯಲ್ಲಾಗಲಿ, ಅನುಭವಿ ವರ್ತಕನಿಗೆ ಗಿರಾಕಿಯ ಮುಖವೇ ಅರ್ಧ ಲೆಕ್ಕವನ್ನು ಹೇಳಿಬಿಡುತ್ತದೆ. ಬೆಲೆ ಕೇಳಿ ಮುಂದೆ ಹೋಗುವವನಾರು, ಮುಂದೆ ಹೋದರೂ ಮರಳಿ ಬರುವವನಾರು ಎಂಬುದನ್ನು ಆತ ನಿಂತಲ್ಲಿಯೇ ಗುರುತಿಸಬಲ್ಲ. ಅಂತರ್ಜಾಲದ ಹರಾಜಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಮಾರಾಟಗಾರನಿಗೆ ದೊರೆಯುವುದು ಹೆಚ್ಚೆಂದರೆ ಎರಡು ಅಂಕಿಗಳು: ವಸ್ತುವಿನ ಪುಟವನ್ನು ಎಷ್ಟು ಮಂದಿ ತೆರೆದು ನೋಡಿದರು, ಅವರಲ್ಲಿ ಎಷ್ಟು ಮಂದಿ ಅದನ್ನು ತಮ್ಮ ಗಮನದ ಪಟ್ಟಿಗೆ ಸೇರಿಸಿಕೊಂಡರು. ಈ ಅಂಕಿಗಳು ಏರುತ್ತಿರುವುದನ್ನು ಕಂಡು ಹಿಗ್ಗುವ ಮಾರಾಟಗಾರ, ಹರಾಜು ಮುಗಿಯುವ ಗಳಿಗೆಯಲ್ಲಿ ಒಂದೂ ಸವಾಲು ಬಾರದೆ ಪೆಚ್ಚಾಗುವುದು ಅಪರೂಪದ ಸಂಗತಿಯೇನಲ್ಲ.

ಅಂತರ್ಜಾಲ ಹರಾಜು ಭಾರತಕ್ಕೆ ಹೊಸದಲ್ಲ. ಅಮೆರಿಕೆಯಲ್ಲಿ ಈಬೇ 1995ರಲ್ಲಿ ಆರಂಭವಾಯಿತು. ನಮ್ಮಲ್ಲಿ ಬಾಜೀ ಡಾಟ್ ಕಾಮ್ 2000ದಲ್ಲಿ ತಲೆಯೆತ್ತಿತು. 2004ರಲ್ಲಿ ಈಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. 2018ರ ಆಗಸ್ಟ್‌ನಲ್ಲಿ ಈಬೇಯ ಭಾರತೀಯ ತಾಣ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಗ್ರಾಹಕ ನಿಗದಿತ ಬೆಲೆಯ ಮಳಿಗೆಗಳಿಗೆ ಒಗ್ಗಿಹೋಗಿದ್ದ. ಆದರೆ ಹರಾಜು ಸಾಯಲಿಲ್ಲ, ನೆಲೆ ಬದಲಿಸಿತು. ಹಳೆಯ ನಾಣ್ಯಗಳು, ಅಂಚೆಚೀಟಿಗಳು, ಬ್ಯಾಂಕುಗಳು ವಶಪಡಿಸಿಕೊಂಡ ಮನೆ ನಿವೇಶನಗಳು ಮತ್ತು ಕೃಷಿ ಮಾರುಕಟ್ಟೆಯ ಹುಟ್ಟುವಳಿ ಇಂದು ಇದೇ ದಾರಿಯಲ್ಲಿ ಕೈ ಬದಲಾಯಿಸುತ್ತಿವೆ. ಬೆಂಗಳೂರಿನ ಮರುಧರ್ ಆರ್ಟ್ಸ್‌ನಂತಹ ಹರಾಜು ಸಂಸ್ಥೆಗಳು ಸಭಾಂಗಣದ ಸವಾಲಿನ ಜೊತೆಗೆ ಅಂತರ್ಜಾಲದ ಸವಾಲನ್ನೂ ಸ್ವೀಕರಿಸುತ್ತವೆ.

ನಾಣ್ಯದ ಉದಾಹರಣೆ

ಚಾಮರಾಜಪೇಟೆಯ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಟಿಪ್ಪುವಿನ ಕಾಲದ ಆನೆ ಮುದ್ರೆಯ ತಾಮ್ರದ ಪೈಸೆಯೊಂದು ದೊರೆಯಿತೆಂದು ಇಟ್ಟುಕೊಳ್ಳೋಣ. ಅದರ ಚಿತ್ರ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡೊಡನೆ ನೋಡುವವರಿಗೆ ಬರವಿಲ್ಲ. ಆದರೆ ಈ ನಾಣ್ಯಗಳು ವಿಪುಲವಾಗಿ ಉಳಿದುಬಂದಿವೆ. ಬೆಲೆಯನ್ನು ನಿರ್ಧರಿಸುವುದು ಟಿಪ್ಪುವಿನ ಹೆಸರಲ್ಲ, ಯಾವ ಟಂಕಸಾಲೆ, ಯಾವ ವರ್ಷ, ಅಚ್ಚು ಎಷ್ಟು ಸವೆದಿದೆ ಎಂಬುದು. ಟಿಪ್ಪುವಿನ ಮೌಲೂದಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ತಿಳಿಯದವನು ಪುಟವನ್ನು ನೋಡುತ್ತಾನೆ, ಬೆರಗಾಗುತ್ತಾನೆ, ಮುಂದೆ ಹೋಗುತ್ತಾನೆ. ತಿಳಿದವನು ನೋಡುತ್ತಾನೆ, ಆದರೆ ಸುಮ್ಮನಿರುತ್ತಾನೆ. ಅಂಕಿಯಲ್ಲಿ ಇಬ್ಬರೂ ಒಂದೇ.

ಮೂರನೆಯವನೊಬ್ಬನಿದ್ದಾನೆ. ತನ್ನ ಬಳಿ ಇಂಥದೇ ನಾಣ್ಯವಿದ್ದು, ಪೇಟೆಯ ಧಾರಣೆ ತಿಳಿಯಲೆಂದೇ ಗಮನಿಸುವ ಸಹವ್ಯಾಪಾರಿ ಆತ. ಅವನು ಎಷ್ಟು ಸಲ ಪುಟ ತೆರೆದರೂ ಕೊಳ್ಳುವವನಲ್ಲ. ವಿದೇಶದಲ್ಲಿ ನೆಲೆಸಿದ ಅಭಿಮಾನಿಗಳದು ಇನ್ನೊಂದು ಕಥೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಇಂತಹ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ನ್ಯೂಜೆರ್ಸಿಯಿಂದ ನಾಣ್ಯದ ಪುಟವನ್ನು ನಿತ್ಯ ತೆರೆಯುವ ಕನ್ನಡಿಗನ ಆಸಕ್ತಿ ನಿಜವಾದದ್ದೇ, ಆದರೆ ಅದು ಕಾನೂನಿನ ಗಡಿಯಲ್ಲೇ ನಿಲ್ಲುವ ಆಸಕ್ತಿ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿಯೂ ಬೇಕೆಂಬುದನ್ನು ಮನೆಯ ಪೆಟ್ಟಿಗೆ ತೆರೆದು ಕುಳಿತ ಹೊಸ ಮಾರಾಟಗಾರರು ಮರೆಯಬಾರದು.

ಬಲ್ಲವನ ಮೌನಕ್ಕೆ ಕಾರಣವಿದೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಬೇ ಮತ್ತು ಅಮೆಜಾನ್‌ಗಳ ಅಂದಿನ ಹರಾಜುಗಳನ್ನು ಹೋಲಿಸಿದರು. ಈಬೇಯಲ್ಲಿ ಗಡಿಯಾರ ನಿಗದಿತ ಕ್ಷಣಕ್ಕೆ ನಿಂತುಬಿಡುತ್ತಿತ್ತು. ಅಮೆಜಾನ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಸವಾಲು ಬಂದರೆ ಅವಧಿ ತಾನಾಗಿ ಮುಂದುವರಿಯುತ್ತಿತ್ತು. ಕಡೆಯ ನಿಮಿಷದ ಸವಾಲುಗಳು ಈಬೇಯಲ್ಲಿ ಬಹಳ ಹೆಚ್ಚು, ಅದರಲ್ಲೂ ಗಣಕಯಂತ್ರಗಳಿಗಿಂತ ಪುರಾತನ ವಸ್ತುಗಳಲ್ಲಿ ಹೆಚ್ಚು ಎಂಬುದು ಅವರು ಕಂಡ ಸತ್ಯ. ಪರಿಣತನು ಮೊದಲೇ ಬೆಲೆ ಕೂಗಿದರೆ ವಸ್ತು ಅಸಲಿ ಎಂಬ ಗುಟ್ಟನ್ನು ಉಳಿದವರಿಗೆ ಪುಕ್ಕಟೆಯಾಗಿ ಕೊಟ್ಟಂತಾಗುತ್ತದೆ. ಆದ್ದರಿಂದ ಆರು ದಿನ ಸವಾಲಿಲ್ಲದ ನಾಣ್ಯ ಏಳನೆಯ ದಿನದ ಕೊನೆಯ ನಿಮಿಷದಲ್ಲಿ ಒಳ್ಳೆಯ ಬೆಲೆಗೆ ಹೋಗಬಹುದು. ನಡುವೆ ಗಾಬರಿಗೊಂಡು ಹರಾಜನ್ನೇ ಹಿಂತೆಗೆದುಕೊಳ್ಳುವ ಮಾರಾಟಗಾರ ತನ್ನ ಗಿರಾಕಿಯನ್ನು ತಾನೇ ಕಳುಹಿಸಿಕೊಟ್ಟಂತೆ.

ಆರಂಭದ ಬೆಲೆ, ಹೆಸರಿನ ಕಾಗುಣಿತ

ನೋಡುಗನನ್ನು ಸವಾಲಿಗೆ ಇಳಿಸುವ ಉಪಾಯಗಳಲ್ಲಿ ಆರಂಭದ ಬೆಲೆಯೇ ಮುಖ್ಯ. ಪ್ಯಾಟ್ರಿಕ್ ಬಜಾರಿ ಮತ್ತು ಅಲಿ ಹೋರ್ಟಚ್ಸು 2003ರಲ್ಲಿ ಪ್ರಕಟಿಸಿದ ಅಧ್ಯಯನ ಈಬೇಯ ನಾಣ್ಯ ಹರಾಜುಗಳನ್ನೇ ಕುರಿತದ್ದು. ಕನಿಷ್ಠ ಬೆಲೆ ಏರಿದಷ್ಟೂ ಕಣಕ್ಕಿಳಿಯುವವರು ಕಡಿಮೆಯಾಗುತ್ತಾರೆಂದು ಅದು ತೋರಿಸಿತು. 2006ರಲ್ಲಿ ಗಿಲಿಯನ್ ಕು ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಡಿಮೆ ಬೆಲೆಯಿಂದ ಆರಂಭವಾದ ಹರಾಜು ಹೆಚ್ಚಿನ ಬೆಲೆಯಲ್ಲಿ ಮುಗಿಯಬಹುದೆಂದು ತೋರಿಸಿದರು. ಅಗ್ಗದ ಆರಂಭ ಜನರನ್ನು ಸೆಳೆಯುತ್ತದೆ, ಜನ ಜನರನ್ನು ಸೆಳೆಯುತ್ತಾರೆ. ಆದರೆ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟರು: ವಸ್ತುವಿನ ಹೆಸರಿನ ಕಾಗುಣಿತ ತಪ್ಪಿ, ಹುಡುಕುವವರಿಗೆ ಅದು ಸಿಗದೆ ಹೋದರೆ, ಕಡಿಮೆ ಆರಂಭದ ಲಾಭ ಮಾಯವಾಗುತ್ತದೆ.

ಈ ಎಚ್ಚರಿಕೆ ಮೈಸೂರಿನ ನಾಣ್ಯಗಳಿಗೆ ವಿಶೇಷವಾಗಿ ಸಲ್ಲುತ್ತದೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಚಿಕ್ಕ ಚಿನ್ನದ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಗುತ್ತದೆ. ಇದನ್ನು ಕಂಠೀರವಿ ಹಣ, ಕಂಠೀರಾಯ ಹಣ ಎಂದೆಲ್ಲ ಕರೆಯುವುದುಂಟು. ಆಂಗ್ಲರ ಪುಸ್ತಕಗಳಲ್ಲಿ ಇದು ಕ್ಯಾಂಟರಾಯ್ ಆಗಿದೆ. ರೋಮನ್ ಲಿಪಿಯಲ್ಲಂತೂ ಬರೆದವರಿಗೊಂದು ಕಾಗುಣಿತ. ಒಂದೇ ಹೆಸರಿನಲ್ಲಿ ಪಟ್ಟಿ ಮಾಡಿದ ವಸ್ತು ಇನ್ನೊಂದು ಹೆಸರಿನಲ್ಲಿ ಹುಡುಕುವವನ ಕಣ್ಣಿಗೆ ಬೀಳುವುದೇ ಇಲ್ಲ. ನಕಲಿಗಳ ಹಾವಳಿಯಿರುವ ಈ ನಾಣ್ಯಕ್ಕೆ ತೂಕ, ವ್ಯಾಸ, ಎರಡೂ ಮುಖಗಳ ಸ್ಪಷ್ಟ ಚಿತ್ರ ಇಲ್ಲದಿದ್ದರೆ ಕಣ್ಣಿಗೆ ಬಿದ್ದರೂ ಪ್ರಯೋಜನವಿಲ್ಲ.

ಮನೆ ಹರಾಜಿನ ಬೇರೆ ಲೆಕ್ಕ

ಸ್ಥಿರಾಸ್ತಿಯಲ್ಲಿ ಆಸಕ್ತಿಗೂ ಸವಾಲಿಗೂ ನಡುವಿನ ಕಂದಕ ಇನ್ನೂ ಆಳವಾದುದು. ಅಲ್ಲಿ ಒಂದು ಕುಟುಂಬದ ಸೂರು ಮತ್ತು ಬ್ಯಾಂಕಿನ ಸಾಲ ಎರಡೂ ತೂಗುಯ್ಯಾಲೆಯಲ್ಲಿರುತ್ತವೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಹರಾಜು ಆಸ್ತಿಗಳನ್ನು ಒಂದೆಡೆ ತೋರಿಸುವ ತಾಣ 2019ರಲ್ಲಿ ಬಂತು. 2025ರ ಜನವರಿಯಲ್ಲಿ ಬ್ಯಾಂಕ್‌ನೆಟ್ ಎಂಬ ಹೊಸ ರೂಪ ತಳೆಯಿತು. ಬಸವನಗುಡಿಯ ಮನೆಯೊಂದು ಅಲ್ಲಿ ಕಾಣಿಸಿಕೊಂಡರೆ ನೋಡದವರಾರು? ಆದರೆ ಸವಾಲು ಹಾಕಬೇಕಾದರೆ ಮೊದಲು ಮುಂಗಡ ಠೇವಣಿ ಕಟ್ಟಬೇಕು. ಗೆದ್ದವನು ಆ ಠೇವಣಿಯೂ ಸೇರಿ ಬೆಲೆಯ ಶೇ. 25ರಷ್ಟನ್ನು ಅಂದೇ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ ತೆರಬೇಕು; ಉಳಿದದ್ದನ್ನು ಸಾಮಾನ್ಯವಾಗಿ 15 ದಿನಗಳಲ್ಲಿ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಆ ಶೇ. 25 ಪೂರ್ತಿಯಾಗಿ ಮುಟ್ಟುಗೋಲಾಗುವುದು ಸರಿಯೆಂದು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಹೇಳಿದೆ. ಹದಿನೈದು ದಿನಗಳಲ್ಲಿ ಗೃಹಸಾಲ ಮಂಜೂರು ಮಾಡಿಸಿಕೊಳ್ಳುವುದು ಸಂಬಳದಾರನಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

ಹಳೆಯ ಬಡಾವಣೆಗಳಲ್ಲಿ ತೊಡಕುಗಳು ಇನ್ನೂ ಹೆಚ್ಚು. 1892ರ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಾಗಲಿ, ಒಂದೊಂದು ಮನೆಗೂ ಮೂರು ನಾಲ್ಕು ತಲೆಮಾರಿನ ಪಾಲುದಾರರಿರಬಹುದು, ಬಿಟ್ಟುಹೋಗದ ಬಾಡಿಗೆದಾರರಿರಬಹುದು, ವಿಭಾಗದ ದಾವೆ ಇರಬಹುದು. ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಷರತ್ತಿನ ಭಾರವೆಲ್ಲ ಕೊಳ್ಳುವವನ ಹೆಗಲಿಗೆ. ಬ್ಯಾಂಕಿನ ಬಳಿ ಇರುವುದು ಸಾಂಕೇತಿಕ ಸ್ವಾಧೀನ ಮಾತ್ರವಾಗಿದ್ದರೆ ಜಾಣ ಹೂಡಿಕೆದಾರ ಪುಟವನ್ನು ಮುಚ್ಚಿ, ಮೀಸಲು ಬೆಲೆ ಇಳಿಯುವ ಮುಂದಿನ ಸುತ್ತಿಗೆ ಕಾಯುತ್ತಾನೆ. ಅವನ ಪಾಲಿಗೆ ಅದು ತಾಳ್ಮೆ. ಸಾಲಗಾರನ ಪಾಲಿಗೆ ಪ್ರತಿ ಇಳಿಕೆಯೂ ತೀರದ ಸಾಲವನ್ನು ಇನ್ನಷ್ಟು ಉಳಿಸುವ ಪೆಟ್ಟು.

ಕೃಷಿ ಮಾರುಕಟ್ಟೆಯಲ್ಲೂ ಇದೇ ಪಾಠ. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ದೂರದ ಊರಿನ ವರ್ತಕನೂ ರಾಶಿಯ ವಿವರವನ್ನು ನೋಡಬಲ್ಲ. ಕೈಯಿಂದ ಮುಟ್ಟದ, ಗುಣಮಟ್ಟದ ವಿಶ್ವಾಸಾರ್ಹ ಪರೀಕ್ಷೆಯಿಲ್ಲದ ರಾಶಿಗೆ ಬೆಲೆ ಕಟ್ಟಲು ಮಾತ್ರ ಅವನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ನೋಡುಗರ ಅಂಕಿ ನಿರುಪಯುಕ್ತವೇ? ಹಾಗೇನೂ ಅಲ್ಲ, ಒಂದೇ ಬಗೆಯ ಎರಡು ವಸ್ತುಗಳನ್ನು ಹೋಲಿಸಲು ಅದು ಸಾಕು. ನೋಡುವವರೇ ಇಲ್ಲದಿದ್ದರೆ ದೋಷ ಹೆಸರಿನಲ್ಲಿ ಅಥವಾ ವಿಭಾಗದಲ್ಲಿ. ನೋಡಿಯೂ ಸವಾಲಿಲ್ಲದಿದ್ದರೆ ದೋಷ ಬೆಲೆಯಲ್ಲಿ, ಚಿತ್ರದಲ್ಲಿ ಅಥವಾ ದಾಖಲೆಯಲ್ಲಿ. ಆದರೆ ನೂರು ನೋಟಗಳಿಗಿಂತ ತೂಕ ಎಷ್ಟು, ಅಂಚು ಸವೆದಿದೆಯೇ, ಮೂಲಪತ್ರಗಳನ್ನು ನೋಡಬಹುದೇ ಎಂದು ಬರುವ ಒಂದು ಪ್ರಶ್ನೆ ಹೆಚ್ಚು ಬೆಲೆಯುಳ್ಳದ್ದು. ಅಂತಹ ಪ್ರಶ್ನೆಗೆ ಅಂದೇ ಉತ್ತರಿಸಿ, ಆ ಉತ್ತರವನ್ನು ವಿವರಣೆಯಲ್ಲೂ ಸೇರಿಸುವುದು ಲೇಸು. ಮಾರಾಟವಾಗದ ವಸ್ತುವನ್ನು ಮತ್ತೆ ಹರಾಜಿಗಿಡುವಾಗ ಬೆಲೆ, ಚಿತ್ರ, ಹೆಸರು ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಒಂದೊಂದನ್ನೇ ಬದಲಿಸಿದರೆ, ಮುಂದಿನ ಸಲ ಕೊಂಡವನು ಯಾವುದಕ್ಕೆ ಒಲಿದನೆಂಬುದು ತಿಳಿದೀತು.