ಅಡಾಲ್ಫ್ ಫಾನ್ ಎಲ್ಮ್: ಜರ್ಮನಿಯ ಒಬ್ಬ ಸಹಕಾರ ಸಂಸ್ಥಾಪಕನ ಚರಿತ್ರೆ

ಜರ್ಮನಿಯ ಸಹಕಾರವೆಂದೊಡನೆ ನಮ್ಮ ಸೀಮೆಯ ರೈತರಿಗೆ ನೆನಪಾಗುವ ಹೆಸರು ರೈಫೈಸೆನ್ನರದು. ಮದರಾಸು ಸರ್ಕಾರದವರು ನೇಮಿಸಿದ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯು ಯೂರೋಪಿನ ಸಂಘಗಳನ್ನು ಪರಿಶೀಲಿಸಿ 1895 ಮತ್ತು 1897ರಲ್ಲಿ ವರದಿಗಳನ್ನು ಒಪ್ಪಿಸಿದನು. ತರುವಾಯ 1904ರಲ್ಲಿ ಸಹಕಾರದ ಕಾನೂನು ಬಂದು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಾಲದ ಸಂಘವು ಸ್ಥಾಪಿತವಾಯಿತು. ಇದು ಸಾಲ ಪಡೆಯುವವರು ಕೂಡಿದ ಮಾರ್ಗ. ದಿನಬಳಕೆಯ ಸಾಮಾನು ಕೊಳ್ಳುವವರು ಕೂಡಿದ ಮಾರ್ಗವೊಂದು ಅದೇ ದೇಶದಲ್ಲಿ ಬೆಳೆಯಿತು. ಅದನ್ನು ಬೆಳೆಸಿದವರಲ್ಲಿ ಹ್ಯಾಂಬರ್ಗ್ ಪಟ್ಟಣದ ಅಡಾಲ್ಫ್ ಫಾನ್ ಎಲ್ಮ್ ಮುಖ್ಯನು.

ಕಸುಬು ಮತ್ತು ಕಷ್ಟ

ಎಲ್ಮ್ ಹುಟ್ಟಿದ್ದು 1857ರಲ್ಲಿ. ಹ್ಯಾಂಬರ್ಗ್ ಎಲ್ಬೆ ನದಿಯ ದಂಡೆಯಲ್ಲಿರುವ ದೊಡ್ಡ ಬಂದರು. ಹೊಗೆಸೊಪ್ಪು ಅಲ್ಲಿ ಹೇರಳವಾಗಿ ಬಂದಿಳಿಯುತ್ತಿದ್ದುದರಿಂದ ಸಿಗಾರ್ ಚುಟ್ಟಗಳ ಕೈಗಾರಿಕೆಯು ಬೆಳೆದಿತ್ತು. ಸುತ್ತಿದ ಚುಟ್ಟಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸುವುದು ಎಲ್ಮನ ಕಸುಬು. ಕೆಲವು ವರ್ಷ ಅಮೆರಿಕಾದಲ್ಲಿಯೂ ದುಡಿದು ಹಿಂತಿರುಗಿದನು. 1878ರಿಂದ 1890ರವರೆಗೆ ಜರ್ಮನಿಯಲ್ಲಿ ಸಮಾಜವಾದಿಗಳ ಸಭೆ ಪತ್ರಿಕೆಗಳನ್ನು ನಿಷೇಧಿಸಿದ ಕಾನೂನು ಜಾರಿಯಲ್ಲಿತ್ತು. ಅಂಥ ಕಾಲದಲ್ಲಿ ಈತನು ತನ್ನ ಕಸುಬಿನವರ ಸಂಘದ ಮುಖಂಡನಾದನು. 1894ರಿಂದ 1906ರವರೆಗೆ ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷದ ಪರವಾಗಿ ಜರ್ಮನಿಯ ಪಾರ್ಲಿಮೆಂಟಿನಲ್ಲಿ ಸದಸ್ಯನಾಗಿದ್ದನು.

ಮೊದಲನೆಯ ಸಂಘ

1890ರ ಕೊನೆಯಲ್ಲಿ ಚುಟ್ಟದ ಕಾರ್ಖಾನೆಗಳ ಯಜಮಾನರು, ಕೆಲಸಗಾರರು ತಮ್ಮ ಸಂಘವನ್ನು ಬಿಟ್ಟ ಹೊರತು ಒಳಕ್ಕೆ ಸೇರಿಸುವುದಿಲ್ಲವೆಂದು ಬಾಗಿಲು ಮುಚ್ಚಿದರು. ಸಾವಿರಾರು ಸಂಸಾರಗಳು ಚಳಿಗಾಲದಲ್ಲಿ ಕೂಲಿಯಿಲ್ಲದೆ ಬಳಲಿದವು. 1891ರಲ್ಲಿ ಎಲ್ಮ್ ಮೊದಲಾದವರು ಕೆಲಸಗಾರರದೇ ಆದ ಚುಟ್ಟದ ಕಾರ್ಖಾನೆಯನ್ನು ಸಹಕಾರದ ಮೇಲೆ ತೆರೆದರು. ಮಾಲು ತಯಾರಿಸುವವರು ಒಟ್ಟುಗೂಡಿದರೆ ಸಾಲದು. ಅದನ್ನು ನಂಬಿಕೆಯಿಂದ ಕೊಳ್ಳುವವರೂ ಒಟ್ಟುಗೂಡಬೇಕೆಂಬ ವಿಚಾರವು ಎಲ್ಮನ ಮುಂದಿನ ಕೆಲಸಕ್ಕೆಲ್ಲ ಆಧಾರವಾಯಿತು. ಈ ಕಾರ್ಖಾನೆಯು ಮುಂದೆ ಕೊಳ್ಳುವವರ ಸಂಘಗಳ ಸಗಟು ಸಂಸ್ಥೆಗೆ ಸೇರಿತು.

ಸೋಲಿನ ತರುವಾಯ

1896ರ ನವೆಂಬರಿನಲ್ಲಿ ಹ್ಯಾಂಬರ್ಗ್ ಬಂದರಿನ ಕೂಲಿಗಾರರು ಮುಷ್ಕರ ಹೂಡಿದರು. ಹದಿನಾರು ಸಾವಿರಕ್ಕೂ ಮಿಕ್ಕ ಜನರು ಸೇರಿ, ಹನ್ನೊಂದು ವಾರ ಹಿಡಿದು ನಿಂತು, 1897ರ ಫೆಬ್ರವರಿಯಲ್ಲಿ ಸೋತು ಕೆಲಸಕ್ಕೆ ಹಿಂತಿರುಗಿದರು. ಕೂಲಿ ಹೆಚ್ಚಿದರೂ ಅಂಗಡಿಯ ಬೆಲೆ ಮತ್ತು ಮನೆಯ ಬಾಡಿಗೆ ಅದನ್ನು ನುಂಗಿಬಿಟ್ಟರೆ ಫಲವೇನು, ಕೂಲಿ ನಿಂತ ದಿನ ಮನೆಯಲ್ಲಿ ಅಕ್ಕರಾಸ್ತೆಯಾದರೂ ಏನಿದೆ ಎಂಬ ಪ್ರಶ್ನೆಗಳು ಎದ್ದವು. ಇವಕ್ಕೆ ಉತ್ತರವಾಗಿ 1899ರಲ್ಲಿ "ಪ್ರೊಡುಕ್ಷಿಯೋನ್" ಎಂಬ ಸಂಘವು ಸ್ಥಾಪಿತವಾಯಿತು. ಸಾಮಾನು ಒದಗಿಸುವುದು, ಮನೆ ಕಟ್ಟುವುದು, ಉಳಿತಾಯ ಮಾಡಿಸುವುದು ಎಂಬ ಮೂರು ಉದ್ದೇಶಗಳನ್ನು ಅದು ಹೊಂದಿತ್ತು. ಕಾಲಕ್ರಮದಲ್ಲಿ ಸ್ವಂತ ರೊಟ್ಟಿಯ ಕಾರ್ಖಾನೆಯನ್ನೂ ಮಾಂಸದ ಅಂಗಡಿಗಳನ್ನೂ ನಡೆಸಿ, ಸದಸ್ಯರ ವಾಸಕ್ಕೆ ಮನೆಗಳನ್ನು ಕಟ್ಟಿಸಿತು.

ಆಪತ್ತಿನ ನಿಧಿ

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರು 1844ರಲ್ಲಿ ತೋರಿಸಿದ ಪದ್ಧತಿಯಂತೆ, ಕೊಳ್ಳುವವರ ಸಂಘದಲ್ಲಿ ಲಾಭವನ್ನು ಷೇರಿನ ಮೇಲಲ್ಲ, ಕೊಂಡ ಸಾಮಾನಿನ ಮೊತ್ತದ ಮೇಲೆ ಹಂಚುತ್ತಾರೆ. ಉದಾಹರಣೆಗೆ, ಒಂದು ಮನೆಯವರು ವರ್ಷದಲ್ಲಿ 400 ಮಾರ್ಕಿನ ಸಾಮಾನು ಕೊಂಡು, ಸಂಘವು ನೂರಕ್ಕೆ 5ರಂತೆ ಹಿಂದಕ್ಕೆ ಕೊಟ್ಟರೆ ಅವರ ಪಾಲು 20 ಮಾರ್ಕು. ಹ್ಯಾಂಬರ್ಗಿನ ಸಂಘದ ವಿಶೇಷವೆಂದರೆ, ಗೊತ್ತಾದ ಮೊತ್ತವು ತುಂಬುವ ತನಕ ಈ ಪಾಲನ್ನು ಕೈಗೆ ಕೊಡದೆ, ಸದಸ್ಯನ ಹೆಸರಿನಲ್ಲಿಯೇ ಆಪತ್ತಿನ ನಿಧಿಯಲ್ಲಿ ಜಮಾ ಮಾಡುತ್ತಿದ್ದರು. ಕೆಲಸ ತಪ್ಪಿದಾಗಲೂ ಕಾಯಿಲೆ ಬಿದ್ದಾಗಲೂ ಅದು ಒದಗುತ್ತಿತ್ತು. ಅಲ್ಲಿಯವರೆಗೆ ಸಂಘದ ವ್ಯಾಪಾರಕ್ಕೂ ಅದೇ ಹಣ ಬಂಡವಾಳವಾಗುತ್ತಿತ್ತು.

ಬಡವರು ಭಯವಿಲ್ಲದೆ ಸಂಘ ಸೇರುವುದಕ್ಕೆ 1889ರ ಜರ್ಮನ್ ಕಾನೂನು ಸಹಾಯಕವಾಗಿತ್ತು. ಸಂಘವು ಮುಳುಗಿದರೆ ಸದಸ್ಯನ ಹೊಣೆ ಇಷ್ಟೇ ಎಂದು ಮಿತಿಗೊಳಿಸಲು ಅದು ಅವಕಾಶ ಕೊಟ್ಟು, ಹೊರಗಿನವರಿಂದ ಲೆಕ್ಕ ತನಿಖೆಯನ್ನು ಕಡ್ಡಾಯ ಮಾಡಿತು.

ಸ್ವಪಕ್ಷದವರ ಸಂಶಯ

ಎಲ್ಮನ ಮಾರ್ಗವು ಅವನ ಪಕ್ಷದವರಿಗೇ ಬಹುಕಾಲ ರುಚಿಸಲಿಲ್ಲ. ಅಂಗಡಿ ನಡೆಸುವುದರಿಂದ ಕೆಲಸಗಾರನ ಸ್ಥಿತಿ ಬದಲಾಗದೆಂದು ಅನೇಕರು ವಾದಿಸಿದರು. ಅಂಥ ಸಂಘಗಳನ್ನು ಪ್ರೋತ್ಸಾಹಿಸಬಾರದೆಂದು 1892ರಲ್ಲಿ ಪಕ್ಷದ ಸಮ್ಮೇಳನವು ನಿರ್ಣಯಿಸಿತ್ತು. ಇತ್ತ ಹಳೆಯ ಸಹಕಾರ ಒಕ್ಕೂಟದವರು 1902ರಲ್ಲಿ ಕೆಲಸಗಾರರ ಸಂಘಗಳನ್ನು ಹೊರಹಾಕಿದರು. ಆ ಸಂಘಗಳು 1903ರಲ್ಲಿ ತಮ್ಮದೇ ಕೇಂದ್ರ ಒಕ್ಕೂಟವನ್ನು ಕಟ್ಟಿಕೊಂಡವು. ಕಡೆಗೆ 1910ರಲ್ಲಿ ಪಕ್ಷವೂ ಸಹಕಾರವನ್ನು ಒಪ್ಪಿಕೊಂಡಿತು.

ಜನರ ವಿಮೆ

ಆ ಕಾಲದಲ್ಲಿ ಬಡವರು ಖಾಸಗಿ ಕಂಪನಿಗಳಲ್ಲಿ ಸಣ್ಣ ವಿಮೆಗಳನ್ನು ಮಾಡಿಸುತ್ತಿದ್ದರು. ಕೆಲಸ ತಪ್ಪಿ ಕಂತು ನಿಂತರೆ ಎಷ್ಟೋ ಮಂದಿಗೆ ಹಿಂದೆ ಕಟ್ಟಿದ ಹಣವೂ ಹೋಗುತ್ತಿತ್ತು. ಇದನ್ನು ತಪ್ಪಿಸಲು ಕೆಲಸಗಾರರ ಸಂಘಗಳೂ ಸಹಕಾರ ಸಂಘಗಳೂ ಕೂಡಿ 1912ರಲ್ಲಿ "ಫೋಲ್ಕ್ಸ್‌ಫ್ಯೂರ್‌ಸೋರ್ಗೆ" ಎಂಬ ವಿಮಾ ಸಂಸ್ಥೆಯನ್ನು ಕಟ್ಟಿದವು. ಎಲ್ಮ್ ಅದರ ಮೊದಲ ನಿರ್ದೇಶಕರಲ್ಲೊಬ್ಬನು. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಅವನು ತೀರಿಕೊಂಡನು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಈ ಸಂಘಗಳನ್ನು ತಮ್ಮ ಹತೋಟಿಗೆ ತಂದರು. 1941ರಲ್ಲಿ ಕೊಳ್ಳುವವರ ಸಂಘಗಳನ್ನು ರದ್ದುಮಾಡಿ ಆಸ್ತಿಯನ್ನು ವಶಪಡಿಸಿಕೊಂಡರು. ಯುದ್ಧ ಮುಗಿದ ಮೇಲೆ ಹಳೆಯ ಸದಸ್ಯರು ಅವುಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅಂಗಡಿ ಗೋದಾಮುಗಳು ಕೈಬಿಟ್ಟಿದ್ದರೂ ಕೂಡಿ ನಡೆಯುವ ಅಭ್ಯಾಸವು ಸದಸ್ಯರಲ್ಲಿ ಉಳಿದಿತ್ತು.

ಪಟೇಲರೂ ರೈತರೂ ಗಮನಿಸತಕ್ಕ ಅಂಶಗಳು

1. ಬೆಳೆದವರ ಸಂಘವು ಮಾಲಿಗೆ ಗಿರಾಕಿಯನ್ನು ಮೊದಲೇ ಯೋಚಿಸತಕ್ಕದ್ದು. ಕೊಳ್ಳುವವರ ಸಂಘವು ಅದಕ್ಕೆ ಒಳ್ಳೆಯ ಜೊತೆ.

2. ಲಾಭವನ್ನೆಲ್ಲ ವರ್ಷವರ್ಷವೂ ಹಂಚಿಕೊಂಡರೆ ಬರಗಾಲಕ್ಕೆ ಏನೂ ಉಳಿಯದು. ಸುಗ್ಗಿಯಲ್ಲಿ ಕಣಜ ತುಂಬುವವನಿಗೆ ಇದನ್ನು ವಿವರಿಸಬೇಕಾಗಿಲ್ಲ.

3. ಲೆಕ್ಕವನ್ನು ಹೊರಗಿನವರು ತನಿಖೆ ಮಾಡುವುದು ಅಪಮಾನವಲ್ಲ. ಸದಸ್ಯರ ನಂಬಿಕೆಗೆ ಅದೇ ಬೇಲಿ.

4. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತವೆಂಬುದು ಸಹಕಾರದ ಜೀವಾಳ. ಊರಿನ ಹಿರಿಯರು ಇದನ್ನು ತಾವೇ ಮೊದಲು ಪಾಲಿಸಿದರೆ ಉಳಿದವರು ಧೈರ್ಯವಾಗಿ ಸಂಘದೊಳಕ್ಕೆ ಬರುವರು.