ಒಂದೇ ಬಿಸಿಲು, ಮೂರು ಬಗೆಯ ಎಲೆ

ಬೆಂಗಳೂರಿನ ರಾಜಾಜಿನಗರದ ಬೀದಿ ಬದಿಯ ಹೊಂಗೆ, ಕೆಂಗೇರಿ ದಾಟಿ ಬಿಡದಿ ಕಡೆ ಹೋದರೆ ಸಿಗುವ ರಾಗಿ ಹೊಲ, ಬಸವೇಶ್ವರನಗರದ ತಾರಸಿ ಕುಂಡದ ಕಾಡುಬಸಳೆ. ಮೂರರ ಎಲೆಯೂ ಮಾಡುವುದು ದ್ಯುತಿಸಂಶ್ಲೇಷಣೆಯನ್ನೇ: ಬಿಸಿಲಿನ ಬಲದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುವುದು. ಮಾಡುವ ಬಗೆ ಮಾತ್ರ ಬೇರೆ.

ಎಲ್ಲಕ್ಕೂ ಎದುರಾಗುವ ಸಂಕಟ ಒಂದೇ. ಗಾಳಿ ಒಳಗೆ ಬರಲು ಎಲೆಯ ಪತ್ರರಂಧ್ರಗಳು ತೆರೆಯಬೇಕು. ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಟುಬಿಡುತ್ತದೆ. ಹೊಂಗೆ, ಮಾವು, ಭತ್ತದಂಥ ಸಿ3 ಸಸ್ಯಗಳು ಇಂಗಾಲದ ಡೈಆಕ್ಸೈಡಿನ ಒಂದು ಅಣು ಪಡೆಯಲು ನೀರಿನ ಸುಮಾರು 400 ಅಣುಗಳನ್ನು ತೆರುತ್ತವೆ. ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ನಿಧಾನಿ. ಸೆಕೆಂಡಿಗೆ ಕೆಲವೇ ಅಣುಗಳನ್ನು ಹಿಡಿಯಬಲ್ಲದು. ಸೆಕೆ ಏರಿದಷ್ಟೂ ಅದು ತಪ್ಪಿ ಆಮ್ಲಜನಕವನ್ನೇ ಹೆಚ್ಚು ಹಿಡಿಯುತ್ತದೆ, ದುಡಿಮೆ ಪೋಲಾಗುತ್ತದೆ.

ರಾಗಿ ಈ ತಪ್ಪನ್ನು ತಡೆಯಲು ದಾರಿ ಕಂಡುಕೊಂಡಿದೆ. ಅದರ ಎಲೆಯ ನರಗಳ ಸುತ್ತ ದಪ್ಪ ಕೋಶಗಳ ಒಂದು ಬಳೆ, ಅದರ ಹೊರಗೆ ಇನ್ನೊಂದು ಪದರ. ಹೊರಪದರದ ಬೇರೊಂದು ಕಿಣ್ವ ಆಮ್ಲಜನಕಕ್ಕೆ ಮರುಳಾಗದೆ ಇಂಗಾಲವನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿಸಿ ಒಳಗೆ ದಾಟಿಸುತ್ತದೆ. ಅಲ್ಲಿ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ರುಬಿಸ್ಕೊವನ್ನು ದಟ್ಟವಾಗಿ ಸುತ್ತುವರಿಯುತ್ತದೆ. ಕಬ್ಬಿನಲ್ಲಿ ಈ ಸಿ4 ದಾರಿಯನ್ನು 1966ರಲ್ಲಿ ವಿವರಿಸಿದವರು ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್. ಇಲ್ಲಿ ನೀರಿನ ಖರ್ಚು ಸುಮಾರು 150 ಅಣುಗಳಿಗೆ ಇಳಿಯುತ್ತದೆ. ಆದರೆ ಈ ಸಾಗಣೆಗೆ ಹೆಚ್ಚಿನ ಶಕ್ತಿ ಬೇಕು. ಆದ್ದರಿಂದಲೇ ರಾಗಿಗೆ ನೆರಳು ಒಗ್ಗದು, ಬಯಲ ಬಿಸಿಲೇ ಬೇಕು.

ಕಾಡುಬಸಳೆ ಹೊತ್ತನ್ನೇ ಬದಲಿಸಿಕೊಂಡಿದೆ. ತಂಪಾದ ರಾತ್ರಿ ರಂಧ್ರ ತೆರೆದು ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಬುತ್ತಿ ಕಟ್ಟಿಟ್ಟುಕೊಳ್ಳುತ್ತದೆ. ಹಗಲು ರಂಧ್ರ ಮುಚ್ಚಿ, ಅದನ್ನೇ ಬಿಚ್ಚಿ ಸಕ್ಕರೆ ಮಾಡುತ್ತದೆ. ಈ ಆಮ್ಲದಿಂದ ಎಲೆಯ ಹುಳಿ ಏರಿಳಿಯುವುದನ್ನು ಮೊದಲೇ ಗಮನಿಸಿ ಬರೆದವರಲ್ಲಿ ಬೆಂಜಮಿನ್ ಹೈನ್ ಪ್ರಮುಖ. 19ನೇ ಶತಮಾನದ ಆರಂಭದಲ್ಲಿ ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡಿದ್ದ ಈ ಸಸ್ಯವಿಜ್ಞಾನಿ, ಬೆಳಿಗ್ಗೆ ಹುಳಿಯಾಗಿರುವ ಎಲೆ ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲಾದ ಪತ್ರದಲ್ಲಿ ವಿವರಿಸಿದರು. ಎಲೆಯಲ್ಲಿ ವಿಷಾಂಶ ಇರುವುದರಿಂದ ನಾವು ರುಚಿ ನೋಡಬಾರದು; ಜಜ್ಜಿ ತೆಗೆದ ರಸಕ್ಕೆ ಪಿಎಚ್ ಕಾಗದ ಅದ್ದಿ ಮಕ್ಕಳೊಂದಿಗೆ ಪರೀಕ್ಷಿಸಬಹುದು. ಲೋಳೆಸರ, ಪಾಪಸುಕಳ್ಳಿ, ಅನಾನಸ್ ಕೂಡ ಇದೇ ‘ಕ್ಯಾಮ್’ ಗುಂಪಿನವು. ಇವು ಸುಮಾರು 50 ಅಣು ನೀರಿನಲ್ಲೇ ಕೆಲಸ ಮುಗಿಸಬಲ್ಲವು, ಆದರೆ ಬೆಳೆಯುವುದು ನಿಧಾನ.

ಹಾಗೆಂದು ಹೊಂಗೆ ದುಂದುಗಾರ ಮರವಲ್ಲ. ಮರದ ಹೊರಮೈಯಲ್ಲಿ ಬಿಸಿಲುಂಡ ಎಲೆಗಳು ದಪ್ಪಗೆ, ಒಳಗಿನ ನೆರಳೆಲೆಗಳು ತೆಳ್ಳಗೆ ಅಗಲವಾಗಿ ಬೆಳೆದು, ಸೋಸಿ ಬಂದ ಬೆಳಕನ್ನೂ ಬಳಸಿಕೊಳ್ಳುತ್ತವೆ. ಅದು ಬಿಡುವ ನೀರಾವಿ ಸುತ್ತಲಿನ ಶಾಖ ಹೀರಿಯೇ ಮೇಲೇಳುತ್ತದೆ. ವಿಜಯನಗರದ ಮರವಿರುವ ಬೀದಿ ಏಪ್ರಿಲ್ ಮಧ್ಯಾಹ್ನದಲ್ಲೂ ನಡೆಯುವಂತಿರುವುದು ನೆರಳಿನ ಜೊತೆಗೆ ಈ ನೀರಿನ ಖರ್ಚಿನಿಂದ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತರುವ ಊರಿನಲ್ಲಿ ತಾರಸಿಗೆ ಕ್ಯಾಮ್ ಗಿಡಗಳು ಒಳ್ಳೆಯ ಆಯ್ಕೆ. ರಸ್ತೆ ಬದಿಗೆ ಮಾತ್ರ ಮರವೇ ಬೇಕು. ನೀರು ಉಳಿಸುವ ಕಳ್ಳಿಯ ಕುಂಡಗಳನ್ನು ಅದರ ಜಾಗದಲ್ಲಿ ಸಾಲಾಗಿಟ್ಟರೆ ಬೀದಿಗೆ ತಂಪು ಸಿಗದು.