ಎಡಗೈ ಬರಹಕ್ಕೆ ಸಾವಿರ ಡಾಲರ್ ಬಹುಮಾನ

ಮಂಡಿನೋವು ಇದ್ದವರಿಗೆ ಬೇಗ ಹೊಳೆಯುವ ಸಂಗತಿ ಇದು. ವಾಷಿಂಗ್ಟನ್ನಿನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂನ ಮೆಟ್ಟಿಲು ಹತ್ತಿದರೆ ಹತ್ತಿದ ಹಾಗೇ ಅನ್ನಿಸುವುದಿಲ್ಲ. ಇಟ್ಟಿಗೆಯ ಮೆಟ್ಟಿಲುಗಳು, ಎತ್ತರ ಕಡಿಮೆ, ಅಗಲ ಜಾಸ್ತಿ. ಯಾಕೆ ಹೀಗೆ ಎಂದು ಅಲ್ಲಿ ನಿಂತಿದ್ದ ಹಿರಿಯ ಸ್ವಯಂಸೇವಕರನ್ನು ಕೇಳಿದೆ. ‘ಕಾಲಿಲ್ಲದವರು, ಊರುಗೋಲು ಹಿಡಿದವರು ಹತ್ತಬೇಕಿತ್ತಲ್ಲ’ ಎಂದರು.

ಈಗ ಮ್ಯೂಸಿಯಂ ಆಗಿರುವ ಇದು ಮೊದಲು ಅಮೆರಿಕ ಸರ್ಕಾರದ ಪಿಂಚಣಿ ಕಚೇರಿ. ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರ, ಸತ್ತವರ ಹೆಂಡತಿ ಮಕ್ಕಳ ಅರ್ಜಿಗಳನ್ನು ವಿಲೇವಾರಿ ಮಾಡಲೆಂದೇ 1882ರಿಂದ 1887ರವರೆಗೆ ಕಟ್ಟಿದ್ದು. ಮೆಟ್ಟಿಲಿನ ಕಥೆಯನ್ನು ನಾನು ಪೂರ್ತಿ ನಂಬಲಿಲ್ಲ. ಅರ್ಜಿಗಳು ಬರುತ್ತಿದ್ದದ್ದು ಅಂಚೆಯಲ್ಲಿ. ಪಿಂಚಣಿದಾರರಲ್ಲಿ ಹೆಚ್ಚಿನವರು ಈ ಕಟ್ಟಡವನ್ನು ಕಣ್ಣಾರೆ ಕಂಡೇ ಇರಲಿಕ್ಕಿಲ್ಲ. ಆದರೆ ಗಾಯಗೊಂಡು ಸೇನೆ ಬಿಟ್ಟವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಕೊಡಬೇಕೆಂದು ಸಂಸತ್ತು 1865ರಲ್ಲೇ ಹೇಳಿತ್ತು. ಮೆಟ್ಟಿಲು ಯಾರಿಗಾದರೂ ನೆರವಾಗಿದ್ದರೆ ಅಂಥ ಗುಮಾಸ್ತರಿಗೆ ಆಗಿರಬೇಕು.

ಕಟ್ಟಿಸಿದವನು ಮಾಂಟ್ಗೊಮರಿ ಮೇಗ್ಸ್. ಯುದ್ಧಕಾಲದಲ್ಲಿ ಉತ್ತರದ ಸೇನೆಗೆ ಬೂಟು, ಡೇರೆ, ಕುದುರೆ, ಹೇಸರಗತ್ತೆ ಒದಗಿಸಿದ ಅಧಿಕಾರಿ. ಮಗನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡ ಅಪ್ಪ. ಒಂದೂವರೆ ಕೋಟಿಗೂ ಹೆಚ್ಚು ಇಟ್ಟಿಗೆ ಸುರಿದು, 75 ಅಡಿ ಎತ್ತರದ ಎಂಟು ಕಂಬ ನಿಲ್ಲಿಸಿದ. ಅವಕ್ಕೆ ಅಮೃತಶಿಲೆಯಂತೆ ಬಣ್ಣ ಬಳಿದಿದೆ. ಕಟ್ಟಡಕ್ಕೆ ಬೆಂಕಿ ಹತ್ತುವುದಿಲ್ಲ ಎಂದು ಯಾರೋ ಹೊಗಳಿದಾಗ ‘ಅದೇ ದುಃಖ’ ಎಂದು ಸೇನಾಪತಿಯೊಬ್ಬ ಗೊಣಗಿದನೆಂದು ಪ್ರತೀತಿ. ಹೊರಗೋಡೆಯ ಸುತ್ತ 1,200 ಅಡಿ ಉದ್ದದ ಶಿಲ್ಪಪಟ್ಟಿ ಇದೆ. ಕಾಲಾಳು, ಕುದುರೆ ಸವಾರ, ನಾವಿಕ, ಗಾಯಾಳು, ಎಲ್ಲರೂ ಅದರಲ್ಲಿ ನಡೆಯುತ್ತಲೇ ಇದ್ದಾರೆ. ಗಾಡಿ ಹೊಡೆಯುವವನು ಯುದ್ಧದಿಂದ ಬಿಡುಗಡೆಯಾದ ಕಪ್ಪು ಗುಲಾಮನೇ ಆಗಿರಬೇಕು ಎಂದು ಮೇಗ್ಸ್ ಶಿಲ್ಪಿಗೆ ತಾಕೀತು ಮಾಡಿದ್ದ. ಆ ಒಂದು ಮಾತಿಗೆ ನಾನು ಅವನ ಕಂಬಗಳ ಆಡಂಬರವನ್ನು ಕ್ಷಮಿಸಿದೆ.

ಅಂದು ರಾತ್ರಿ ತಂಗಿಯ ಮಗನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಕಾಗದಗಳನ್ನು ಕೆದಕುತ್ತಿದ್ದಾಗ ಸಿಕ್ಕಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ವಿಲಿಯಂ ಓಲಂಡ್ ಬೋರ್ನ್ ಎಂಬಾತ ನ್ಯೂಯಾರ್ಕಿನ ಸೇನಾ ಆಸ್ಪತ್ರೆಯಲ್ಲಿ ಪಾದ್ರಿ. ಸೈನಿಕರಿಗಾಗಿ ಒಂದು ಪತ್ರಿಕೆಯನ್ನೂ ನಡೆಸುತ್ತಿದ್ದ. ಯುದ್ಧ ಮುಗಿಯುತ್ತಲೇ, 1865ರಲ್ಲಿ, ಬಲಗೈ ಕಳೆದುಕೊಂಡ ಸೈನಿಕರಿಗೆ ಎಡಗೈ ಬರಹದ ಸ್ಪರ್ಧೆ ಇಟ್ಟ. ಒಟ್ಟು ಬಹುಮಾನ 1,000 ಡಾಲರ್. 1867ರಲ್ಲಿ ಇನ್ನೊಮ್ಮೆ, 500 ಡಾಲರಿಗೆ.

ಸ್ಪರ್ಧೆ ಎಂದರೆ ತಮಾಷೆಯಲ್ಲ. ಬೆರಳಚ್ಚು ಯಂತ್ರ ಬರುವ ಮೊದಲು ದುಂಡಗಿನ ಕೈಬರಹವೇ ನೌಕರಿಯ ಅರ್ಹತೆ. ಬಲಗೈ ಹೋದ ರೈತ ನೇಗಿಲು ಹಿಡಿಯಲಾರ. ಎಡಗೈಯಲ್ಲಿ ನೀಟಾಗಿ ಬರೆದರೆ ಗುಮಾಸ್ತನಾದರೂ ಆದಾನು. ನಾನು ಹುಟ್ಟಾ ಎಡಚ. ಎಡಗೈಗೆ ಬಳಪ ಬಂದರೆ ಗೆಣ್ಣಿನ ಮೇಲೆ ರೂಲುದೊಣ್ಣೆ ಬೀಳುತ್ತಿದ್ದ ಶಾಲೆಯಲ್ಲಿ ಓದಿದವನು. ಹಾಗಾಗಿ ಈ ಹಾಳೆಗಳನ್ನು ನೋಡುವಾಗ ನನ್ನ ಕಣ್ಣು ಹೋದದ್ದು ಒಕ್ಕಣೆಗಿಂತ ಮೊದಲು ಶಾಯಿಯ ಮೇಲೆ. ಎಡಗೈಯವನು ಲೇಖನಿಯನ್ನು ಎಳೆಯುವುದಿಲ್ಲ, ತಳ್ಳುತ್ತಾನೆ. ಉಕ್ಕಿನ ಮುಳ್ಳು ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಬರೆದದ್ದರ ಮೇಲೆಯೇ ಅಂಗೈ ಸವರಿ ಹಸಿ ಶಾಯಿ ಅಳಿಸುತ್ತದೆ. ಹಾಳೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈಯೂ ಇಲ್ಲ. ಇಷ್ಟಾದರೂ ಕೆಲವರು ಸುರುಳಿ ಬಳ್ಳಿಗಳ ಅಲಂಕಾರ ಸಹಿತ ಬರೆದಿದ್ದಾರೆ. ಕೆಲವರು ಯಾವ ಕದನ, ಯಾವ ಗುಂಡು, ತೋಳನ್ನು ಎಲ್ಲಿ ಕತ್ತರಿಸಿದರು ಎಂದು ವರದಿಯ ಹಾಗೆ ಒಪ್ಪಿಸಿದ್ದಾರೆ. ಖಾಲಿ ತೋಳಿನ ಫೋಟೊ ಲಗತ್ತಿಸಿದವರೂ ಉಂಟು.

ಕೈಗೆ ಸರ್ಕಾರ ಕಟ್ಟಿದ ಬೆಲೆ ಎಷ್ಟು? 1862ರ ಕಾನೂನಿನಲ್ಲಿ ದುಡಿಯಲು ಸಂಪೂರ್ಣ ಅಶಕ್ತನಾದ ಸಿಪಾಯಿಗೆ ತಿಂಗಳಿಗೆ 8 ಡಾಲರ್. ಅದೇ ಗಾಯ ಲೆಫ್ಟಿನೆಂಟ್ ಕರ್ನಲ್‌ಗೆ ಆದರೆ 30. 1864ರಲ್ಲಿ ಎರಡೂ ಕೈ ಹೋದವನಿಗೆ 25, ಎರಡೂ ಪಾದ ಹೋದವನಿಗೆ 20. 1866ರಲ್ಲಿ ಒಂದು ಕೈಗೆ ಅಥವಾ ಒಂದು ಪಾದಕ್ಕೆ 15. 1890ರ ಕಾನೂನು ಯುದ್ಧಕ್ಕೆ ಸಂಬಂಧವಿಲ್ಲದ ಅಶಕ್ತತೆಗೂ ಪಿಂಚಣಿ ಕೊಟ್ಟಿತು. ಆ ದಶಕದ ಆರಂಭದಲ್ಲಿ ಕೇಂದ್ರದ ಆದಾಯದಲ್ಲಿ ಸುಮಾರು ಶೇ 40 ಇದಕ್ಕೇ ಹೋಗುತ್ತಿತ್ತು. ಬೊಕ್ಕಸ ಬರಿದಾಯಿತೆಂಬ ಪತ್ರಿಕೆಗಳ ಕೂಗಿನಲ್ಲಿ ಸತ್ಯವೂ ಇತ್ತು, ರಾಜಕೀಯವೂ ಇತ್ತು. ಸೋತ ದಕ್ಷಿಣದ ಸೈನಿಕರಿಗೆ ಇದರಲ್ಲಿ ಪಾಲಿಲ್ಲ. ಅವರನ್ನು ಅವರವರ ರಾಜ್ಯಗಳೇ ನೋಡಿಕೊಂಡವು.

ಈ ಇಲಾಖೆಗೆ 1889ರಲ್ಲಿ ಮುಖ್ಯಸ್ಥನಾಗಿ ಬಂದ ಜೇಮ್ಸ್ ಟ್ಯಾನರ್‌ಗೆ ಎರಡೂ ಪಾದಗಳಿರಲಿಲ್ಲ. ಹದಿನೆಂಟನೇ ವಯಸ್ಸಿಗೇ ಯುದ್ಧದಲ್ಲಿ ಹೋಗಿದ್ದವು. ಆಮೇಲೆ ಶೀಘ್ರಲಿಪಿ ಕಲಿತ. ಲಿಂಕನ್‌ಗೆ ಗುಂಡು ಬಿದ್ದ ರಾತ್ರಿ, ಅಧ್ಯಕ್ಷ ಸಾಯುತ್ತಿದ್ದ ಮನೆಯಲ್ಲೇ ಕೂತು ಸಾಕ್ಷಿಗಳ ಹೇಳಿಕೆ ಬರೆದುಕೊಂಡವನು ಇವನೇ. ಹಳೆಯ ಸೈನಿಕರಿಗೆ ಧಾರಾಳವಾಗಿ ಕೊಡಲು ಹೋಗಿ ಆರೇ ತಿಂಗಳಲ್ಲಿ ಕುರ್ಚಿ ಕಳೆದುಕೊಂಡ.

ವಿಧವೆಯರ ಪಾಡು ಬೇರೆ. ಗುಲಾಮರ ಮದುವೆಗೆ ದಾಖಲೆಯೇ ಇರಲಿಲ್ಲವಾದ್ದರಿಂದ, ಇಬ್ಬರೂ ಗಂಡ ಹೆಂಡತಿಯಾಗಿ ಎರಡು ವರ್ಷ ಬಾಳಿದ್ದಾರೆ ಎಂದು ನಂಬಿಕಸ್ಥರು ಪ್ರಮಾಣ ಮಾಡಿದರೆ ಸಾಕು ಎಂದು 1864ರಲ್ಲಿ ಕಾನೂನಾಯಿತು. ಅದು ಒಳ್ಳೆಯ ಕಾನೂನು. ಇತರರು ಮನೆಯ ಬೈಬಲ್ಲಿನಲ್ಲಿ ಮದುವೆ, ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದರು. ಅವು ಇಂದಿಗೂ ಕಡತಗಳಲ್ಲಿವೆ. 1882ರಲ್ಲಿ ಇನ್ನೊಂದು ಕಾನೂನು ಬಂತು: ವಿಧವೆ ಪರಪುರುಷನೊಂದಿಗೆ ಇದ್ದರೆ ಪಿಂಚಣಿ ರದ್ದು. ತನಿಖಾಧಿಕಾರಿಗಳು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸತೊಡಗಿದರು. ನಾವು ನಗುವ ಹಾಗಿಲ್ಲ. ಶೌರ್ಯ ಪ್ರಶಸ್ತಿಯ ಮಾಸಿಕ ಭತ್ಯೆ ಮರುಮದುವೆಯ ನಂತರವೂ ಬೇಕಿದ್ದರೆ ವಿಧವೆ ಸತ್ತ ಗಂಡನ ಸೋದರನನ್ನೇ ಮದುವೆಯಾಗಬೇಕೆಂಬ ಷರತ್ತು ನಮ್ಮಲ್ಲಿ 2017ರ ನವೆಂಬರ್‌ವರೆಗೂ ಇತ್ತು.

ಆ ಯುದ್ಧದ ಕೊನೆಯ ಪಿಂಚಣಿ, ತಿಂಗಳಿಗೆ 73 ಡಾಲರ್ 13 ಸೆಂಟ್, ನಿಂತದ್ದು 2020ರಲ್ಲಿ, ಸೈನಿಕನೊಬ್ಬನ ಮಗಳು ತೀರಿಕೊಂಡಾಗ. ಮುಪ್ಪಿನಲ್ಲಿ ಮದುವೆಯಾದವನ ಮಗಳು ಆಕೆ. ಈ ಸುದ್ದಿಯನ್ನು ಎಲ್ಲರೂ ಬರೆದರು.

ಹ್ಯಾರಿಯೆಟ್ ಟಬ್ಮನ್‌ಳ ಕಡತದ ಬಗ್ಗೆ ಅಷ್ಟು ಜನ ಬರೆಯುವುದಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹೋಗಿ ಇತರರನ್ನೂ ಬಿಡಿಸಿ ತಂದವಳು. ಯುದ್ಧದಲ್ಲಿ ದಾದಿಯಾಗಿ, ಬೇಹುಗಾರಳಾಗಿ ದುಡಿದವಳು. 1863ರ ಕಂಬಾಹೀ ನದಿಯ ದಾಳಿಯಲ್ಲಿ ಸೇನೆಗೆ ದಾರಿ ತೋರಿಸಿದಳು. ಅಂದು 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು. ಯುದ್ಧ ಮುಗಿದು ಮೂವತ್ತು ವರ್ಷವಾದ ಮೇಲೆ, 1895ರಲ್ಲಿ, ಅವಳಿಗೆ ತಿಂಗಳಿಗೆ 8 ಡಾಲರ್ ಮಂಜೂರಾಯಿತು, ಅದೂ ಸೈನಿಕನ ವಿಧವೆ ಎಂದು. 1899ರಲ್ಲಿ ಸಂಸತ್ತು ದಾದಿಯ ಸೇವೆಯನ್ನು ನೆನೆದು ಅದನ್ನು 20ಕ್ಕೆ ಏರಿಸಿತು. ಬೇಹುಗಾರಿಕೆಗೆಂದು ಪಿಂಚಣಿ ಕೊನೆಗೂ ಬರಲಿಲ್ಲ.